ಆಯೇರಿ ಸೀರೆಯ ರೇಟು

ಆಯೇರಿ ಸೀರೆಯ ರೇಟನ್ನು ನಾಲ್ಕು ಜನರ ಎದುರು ಹೇಳಬಾರದು ಎಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಹಿರಿಯರು ಬಂದಾಗ ಸೆರಗು ಸರಿಮಾಡಿಕೊಳ್ಳುವುದು ಹೇಗೆ ತಾನಾಗಿ ಬರುತ್ತದೋ ಇದೂ ಹಾಗೆಯೇ ಬರುತ್ತದೆ. ಮದುವೆ ಮನೆಯವರು ಬೀಗರ ಕಡೆಯ ಹೆಂಗಸರನ್ನೂ ತಮ್ಮ ಬಳಗದವರನ್ನೂ ಹೆಸರು ಹಿಡಿದು ಕರೆದು, ಹಣೆಗೆ ಕುಂಕುಮ ಹಚ್ಚಿ, ಸೀರೆ ಕುಪ್ಪಸ ಕೊಡುವುದಕ್ಕೆ ನಾವು ಆಯೇರಿ ಎನ್ನುತ್ತೇವೆ. ಹತ್ತಿರದವರಿಗೆ ಭಾರದ್ದು, ದೂರದವರಿಗೆ ಹಗುರದ್ದು. ಇದು ಕೊಟ್ಟವರಿಗೂ ಗೊತ್ತು, ತೆಗೆದುಕೊಂಡವರಿಗೂ ಗೊತ್ತು, ಬಾಯಿಬಿಟ್ಟು ಮಾತ್ರ ಯಾರೂ ಹೇಳುವುದಿಲ್ಲ. ನಾನಂತೂ ಆ ಸೀರೆ ಮಾರಿಯೇ ರೊಟ್ಟಿ ತಿನ್ನುವವಳು. ನಾನು ಹೇಳಿದೆ. ಅದೂ ಕುತ್ತಿಗೆಗೆ ಮೈಕು ಸಿಕ್ಕಿಸಿಕೊಂಡು ಹೇಳಿದೆ.

ಆಳಂದದಲ್ಲಿ ನಮ್ಮ ಮನೆಯ ಪಡಸಾಲೆಯೇ ನನ್ನ ಅಂಗಡಿ. ಎರಡು ಗಾಜಿನ ಕಪಾಟು, ಒಂದು ಜಮಖಾನೆ, ಗೋಡೆಗೆ ಒಂದು ನಿಲುವುಗನ್ನಡಿ. ತಿಂಗಳಿಗೊಮ್ಮೆ ಸೊಲ್ಲಾಪುರದ ಬಸ್ಸು ಹತ್ತಿ ಗಂಟು ಕಟ್ಟಿಸಿಕೊಂಡು ಬರುತ್ತೇನೆ. ಸೂರತ್ತಿನ ಮಾಲು ಪಾರ್ಸೆಲ್‌ನಲ್ಲಿ ಬರುತ್ತದೆ. ನನ್ನ ಗಿರಾಕಿಗಳೆಲ್ಲ ಹಳ್ಳಿಯ ಹೆಂಗಸರು: ಮಟಕಿ, ನರೋಣಾ, ಕಡಗಂಚಿ ಕಡೆಯವರು. ಮದುವೆ ಜವಳಿಗೆ ಬಂದವರು ಒಬ್ಬರೇ ಬರುವುದಿಲ್ಲ, ಸಂಗಡ ನಾಲ್ಕು ಜನ ಬಳಗದವರು ಇರುತ್ತಾರೆ, ಆ ನಾಲ್ವರಲ್ಲಿ ಇಬ್ಬರಿಗೆ ಅದೇ ಸೀರೆ ಆಯೇರಿಯಾಗಿ ಹೋಗುವುದಿರುತ್ತದೆ. ಅದಕ್ಕೆ ನನ್ನದೊಂದು ರೀತಿ ಇತ್ತು. ಸೀರೆ ಆರಿಸಿದ ಮೇಲೆ, "ಯಕ್ಕಾರ, ಚಾದಾಗ ಸಕ್ರಿ ಎಷ್ಟ ಹಾಕಲಿ, ಒಂದೀಟು ಒಳಗ ಬಂದು ನೋಡ್ರಿ" ಎಂದು ಯಜಮಾನಿಯನ್ನು ಅಡುಗೆಮನೆಗೆ ಕರೆಯುತ್ತಿದ್ದೆ. ಒಲೆಯ ಮುಂದೆ ನಿಂತು ರೇಟು ಹೇಳುತ್ತಿದ್ದೆ. ಚೌಕಾಸಿಯೂ ಅಲ್ಲೇ. ಚಹಾ ಉಕ್ಕಿ ಬರುವಷ್ಟರಲ್ಲಿ ವ್ಯಾಪಾರ ಮುಗಿದು, ಇಬ್ಬರೂ ಏನೂ ಆಗದವರಂತೆ ಚಹಾದ ಕಪ್ಪು, ಬಸಿ ಹಿಡಿದು ಹೊರಗೆ ಬರುತ್ತಿದ್ದೆವು. ಜಮಖಾನೆಯ ಮೇಲೆ ಕೂತವರಿಗೂ ನಾವು ಸಕ್ಕರೆ ನೋಡಲು ಹೋಗಿಲ್ಲವೆಂದು ಗೊತ್ತೇ ಇರುತ್ತಿತ್ತು. ಆದರೂ ಯಾರೂ ಕೇಳುತ್ತಿರಲಿಲ್ಲ.

ಹೀಗೆ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಹೆಂಗಸರು ಬಂದು ಕೂತು, ಫೋನು ತೆಗೆದು, ಇದೇ ಸೀರೆ ಇಲ್ಲಿ ಇಷ್ಟಕ್ಕೆ ತೋರಿಸುತ್ತಿದ್ದಾರಲ್ಲ ಎಂದು ನನ್ನ ಮೂಗಿನ ಕೆಳಗೆ ಹಿಡಿಯತೊಡಗಿದರು. ನನಗೆ ಮೈ ಉರಿಯುತ್ತಿತ್ತು. ಫೋನಿನಲ್ಲಿ ನೋಡಿ ತರಿಸಿದ ಸೀರೆಯ ಬಣ್ಣ ಮೊದಲ ತೊಳೆತಕ್ಕೇ ಬಕೆಟ್ಟಿಗೆ ಇಳಿಯುತ್ತದೆ ಎಂದು ಹೇಳಿ ಹೇಳಿ ಬಾಯಿ ನೋಯುತ್ತಿತ್ತು. ಗಿರಾಕಿ ಕಡಿಮೆಯಾಗುತ್ತಲೇ ಹೋದರು. ಒಂದು ಶ್ರಾವಣದಲ್ಲಿ ಸೀರೆಗಳನ್ನು ಬರೀ ಮಡಿಕೆ ಬದಲಿಸಿ ಮತ್ತೆ ಕಪಾಟಿಗೆ ಇಟ್ಟಿದ್ದೇ ಕೆಲಸವಾಯಿತು.

ಆಗ ಊರಲ್ಲಿ ಸಣ್ಣ ವ್ಯಾಪಾರದ ಹೆಂಗಸರಿಗೆಂದು, ಫೋನಿನಲ್ಲಿ ಲೈವ್ ಬಂದು ಮಾಲು ಮಾರುವುದರ ಬಗ್ಗೆ ಒಂದು ದಿನದ ತರಬೇತಿ ನಡೆಯಿತು. ಚಟ್ನಿಪುಡಿ ಮಾರುವವರು, ಕಟಕ ರೊಟ್ಟಿ ಮಾಡುವವರು, ಬ್ಯೂಟಿ ಪಾರ್ಲರಿನವರು, ಎಲ್ಲ ಬಂದಿದ್ದೆವು. ಕಲಿಸಲು ಬಂದ ಹುಡುಗಿ ನನ್ನ ಮಗಳ ವಯಸ್ಸಿನವಳು, ಆದರೆ ಮಾತು ಎಷ್ಟು ಚೊಕ್ಕ. ಅವಳು ಹೇಳಿದ್ದು ಒಂದೂ ಸುಳ್ಳಲ್ಲ, ಇವತ್ತಿಗೂ ನಾನು ಅದನ್ನು ಒಪ್ಪುತ್ತೇನೆ. ನಿಮ್ಮ ಮುಖ ತೋರಿಸಿ, ಬರೀ ಮಾಲು ತೋರಿಸಬೇಡಿ ಎಂದಳು. ಮನೆಯಲ್ಲಿ ಮಾತಾಡುವ ಹಾಗೇ ಮಾತಾಡಿ, ಟೀವಿಯವರ ಹಾಗೆ ಬೇಡ. ದಿನಾ ಒಂದೇ ಹೊತ್ತಿಗೆ ಬನ್ನಿ, ನೋಡುವವರು ಏರುತ್ತಿರುವಾಗ ನಡುವೆ ಮುಗಿಸಬೇಡಿ. ಕಾಮೆಂಟು ಹಾಕಿದವರ ಹೆಸರು ಓದಿ ಉತ್ತರ ಕೊಡಿ, ತನ್ನ ಹೆಸರು ಕೇಳಿದ ಹೆಂಗಸು ನಾಳೆಯೂ ಬರುತ್ತಾಳೆ. ಮೊದಲು ನಿಮ್ಮ ಬಳಗದವರನ್ನು ಸೇರಿಸಿಕೊಳ್ಳಿ, ಹೊರಗಿನವರು ಅವರ ಹಿಂದೆಯೇ ಬರುತ್ತಾರೆ. ಕೊನೆಗೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: ರೇಟು ಮುಚ್ಚಿಡಬೇಡಿ.

ಆಗ ನಾನು ಕೈ ಎತ್ತಿ, ಸೀರೆ ವ್ಯಾಪಾರದಲ್ಲಿ ಹಾಗೆ ನಡೆಯುವುದಿಲ್ಲರೀ ಎಂದೆ. ಅಡುಗೆಮನೆಯ ಚಹಾದ ಕತೆ ಹೇಳಿದೆ. ಎಲ್ಲರೂ ಬಿದ್ದುಬಿದ್ದು ನಕ್ಕರು, ಅವಳೂ ನಕ್ಕಳು. ಸಾವಿರ ಜನರನ್ನು ಅಡುಗೆಮನೆಗೆ ಕರೆಯುತ್ತೀರಾ ಮೇಡಂ ಎಂದು ಕೇಳಿದಳು. ನಾನೂ ನಕ್ಕೆ, ಮತ್ತು ಒಳಗೊಳಗೇ ನಾಚಿಕೆಪಟ್ಟೆ. ಇಷ್ಟು ವರ್ಷ ಹಳ್ಳಿಗೊಡ್ಡಿನ ಹಾಗೆ ಒಲೆಯ ಮುಂದೆ ನಿಂತು ವ್ಯಾಪಾರ ಮಾಡಿದೆನಲ್ಲ ಎಂದು. ಆ ನಾಚಿಕೆ ಸುಳ್ಳು ನಾಚಿಕೆ. ಖರೆ ನಾಚಿಕೆ ಹೇಗಿರುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಕಲಿತದ್ದನ್ನೆಲ್ಲ ಮಾಡಿದೆ. ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಹಾಗೆ ಜಮಖಾನೆ ತಿರುಗಿಸಿ ಹಾಸಿದೆ, ಫೋನಿಗೆ ಮೂರು ಕಾಲಿನ ಸ್ಟ್ಯಾಂಡು ತಂದೆ. ಹೆಂಗಸರ ಊಟ, ಮುಸುರೆ ಎಲ್ಲ ಮುಗಿಯುವ ಹೊತ್ತು ನೋಡಿ ಮಧ್ಯಾಹ್ನ ಮೂರಕ್ಕೆ ಲೈವ್ ಇಟ್ಟುಕೊಂಡೆ. ಮೊದಲ ದಿನ ನೋಡಿದವರು ಮೂವರು. ಅವರಲ್ಲಿ ಒಬ್ಬರು ಪಕ್ಕದ ಕೋಣೆಯಲ್ಲಿ ಮಲಗಿದ್ದ ನನ್ನ ಗಂಡ. ನನ್ನ ದನಿ ಗೋಡೆಯಿಂದಲೂ ಫೋನಿನಿಂದಲೂ ಕೇಳಿಸಿ ಅವರಿಗೆ ನಿದ್ದೆ ಹಾಳಾಯಿತಂತೆ. ಆದರೆ ನನ್ನ ನಾಲಿಗೆ ದೇವರು ಕೊಟ್ಟದ್ದು. ಮಾತಾಡಲು ಕೂತರೆ ನಿಲ್ಲಿಸುವುದು ನನಗೇ ಗೊತ್ತಾಗುವುದಿಲ್ಲ. ದಿನ ಕಳೆದ ಹಾಗೆ ನೋಡುವವರು ಹೆಚ್ಚಿದರು, ಆರ್ಡರು ಬರತೊಡಗಿದವು, ಅಫಜಲಪುರದಿಂದ, ಜೇವರ್ಗಿಯಿಂದ, ನಾನು ಕಾಲಿಡದ ಊರುಗಳಿಂದ.

ಸೀರೆ ಬಿಡಿಸಿ ತೋರಿಸುತ್ತ ಕಾಮೆಂಟು ಓದುವುದು ಒಬ್ಬಳಿಂದ ಆಗುತ್ತಿರಲಿಲ್ಲ. ಅದಕ್ಕೆ ನನ್ನ ಅಕ್ಕ ಸಿಕ್ಕಳು. ಅವಳನ್ನು ನರೋಣಾಕ್ಕೆ ಕೊಟ್ಟಿದೆ. ನನಗಿಂತ ಆರು ವರ್ಷ ದೊಡ್ಡವಳು, ಮಾತು ಕಡಿಮೆ, ನನಗೆ ಸಿಗಬೇಕಾದ ಬೈಗುಳವನ್ನೂ ಸಣ್ಣಂದಿನಿಂದ ತಾನೇ ತಿಂದವಳು. ಆಳಂದಕ್ಕೆ ಸಂತೆಗೆ ಬಂದ ದಿನ ನನ್ನ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ ಕೂತು, ಇನ್ನೊಂದು ಫೋನಿನಲ್ಲಿ ಬಂದ ಕಾಮೆಂಟುಗಳನ್ನು ಓದಿ ಹೇಳುತ್ತಿದ್ದಳು. ಶಾಲೆ ಕಲಿತದ್ದು ಸ್ವಲ್ಪ. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ, ಪಾಠ ಒಪ್ಪಿಸುವ ದನಿಯಲ್ಲಿ ಓದುತ್ತಿದ್ದಳು. ಜನರಿಗೆ ಅದೇ ಸೇರಿತು. ಆ ಓದೋ ಅಕ್ಕಾರನ್ನ ತೋರಿಸ್ರಿ ಎಂದು ಕಾಮೆಂಟು ಬಂದರೆ ಅದನ್ನೂ ಅವಳೇ ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅಕ್ಕನಿಗೆ ಒಬ್ಬಳೇ ಮಗಳು. ಆ ಬೇಸಿಗೆಯಲ್ಲಿ ಅವಳನ್ನು ಜೇವರ್ಗಿಗೆ ಕೊಟ್ಟೆವು. ಒಳ್ಳೆಯ ಮನೆ, ಹೊಲ ಇದೆ, ಹುಡುಗ ಸಂಭಾವಿತ. ಬೀಗತಿ, ಎಂದರೆ ಹುಡುಗನ ತಾಯಿ, ಗಟ್ಟಿ ಹೆಂಗಸು ಎಂದು ಮೊದಲ ಭೇಟಿಯಲ್ಲೇ ತಿಳಿಯಿತು. ಎತ್ತರದ ಆಳು, ನೇರ ನೋಡಿ ಮಾತಾಡುವವರು. ಆಯೇರಿ ಜವಳಿಯೆಲ್ಲ ನನ್ನ ಅಂಗಡಿಯದೇ ಎಂದು ಮೊದಲೇ ಆಗಿತ್ತು. ಅಕ್ಕ ಬಂದು ಕೂತು ಒಂದು ಇಳಕಲ್ ಸೀರೆಯನ್ನು ಕೈಯಲ್ಲಿ ಹಿಡಿದು ಬಿಡಲೇ ಇಲ್ಲ. ಬಾಕಿಯವರಿಗೆ ಹೇಗೋ ಆಗುತ್ತದೆ, ಬೀಗತಿಗಾದರೂ ಇದನ್ನು ಕೊಡೋಣ ಎಂದಳು. ನಾನೇ ಬೇಡ ಎಂದೆ. ಆಗಷ್ಟೇ ಸೂರತ್ತಿನಿಂದ ಒಂದು ಹೊಸ ಲಾಟು ಬಂದಿತ್ತು: ಗಿಣಿಹಸಿರು ಮೈ, ಕುಂಕುಮದ ಅಂಚು, ರೇಷ್ಮೆಗಿಂತ ಹೆಚ್ಚು ಮಿಂಚು. ಎಲ್ಲರಿಗೂ ಇದನ್ನೇ ಕೊಡು, ಬೀಗತಿಗೆ ದೊಡ್ಡ ಸೆರಗಿನದು ಆರಿಸೋಣ, ಉಳಿದ ದುಡ್ಡಿಗೆ ಮಗಳ ಮೈಮೇಲೆ ಬಂಗಾರ ಹಾಕು ಎಂದೆ. ಅಕ್ಕ ಅನುಮಾನಿಸಿದಳು. "ಯಕ್ಕ, ನನ್ನ ಮ್ಯಾಲ ಬಿಡು," ಎಂದೆ. ಅವಳು ನನ್ನ ಮೇಲೆ ಬಿಟ್ಟಳು.

ಮದುವೆಯಲ್ಲಿ ಆ ಸೀರೆ ಗೆದ್ದಿತು, ಸುಳ್ಳು ಯಾಕೆ ಹೇಳಲಿ. ಮಂಟಪದಲ್ಲಿ ಬೀಗರ ಹೆಂಗಸರು ಮಡಿಕೆ ಸರಿಸಿ ಅಂಚು ನೋಡಿ ತಮ್ಮತಮ್ಮಲ್ಲೇ ತಲೆ ಆಡಿಸಿದರು. ಬೀಗತಿ ಸೆರಗನ್ನು ಅರ್ಧ ಬಿಚ್ಚಿ ಮೊಣಕಾಲ ಮೇಲೆ ಹರವಿಕೊಂಡು, ಅಕ್ಕನ ಕಡೆ ನೋಡಿ, ಬಾಳ ಚಲೋ ಅದ ಎಂದರು. ಅಕ್ಕನ ಮುಖ ಹೂವಾಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಹಿಗ್ಗಿದವಳು ಸುಮ್ಮನಿರಬೇಕೋ ಬೇಡವೋ? ಬಳಗದವರನ್ನು ಮೊದಲು ಸೇರಿಸಿಕೊಳ್ಳಿ ಎಂದು ತರಬೇತಿಯ ಹುಡುಗಿ ಹೇಳಿದ್ದಳಲ್ಲ. ಊಟದ ಪಂಕ್ತಿ ಏಳುವಷ್ಟರಲ್ಲಿ ಬೀಗರ ಕಡೆಯ ಒಬ್ಬೊಬ್ಬ ಹೆಂಗಸಿನ ಬಳಿಗೂ ಹೋಗಿ, ಫೋನು ಇಸಕೊಂಡು, ನನ್ನ ಪೇಜ್ ಹುಡುಕಿ ಫಾಲೋ ಒತ್ತಿಕೊಟ್ಟೆ. ಬೀಗತಿಯ ಫೋನಿನಲ್ಲಿ ಆ ಗಂಟೆಯ ಗುರುತನ್ನೂ ಒತ್ತಿದೆ. "ಇನ್ನ ಮ್ಯಾಲ ನಾ ಲೈವ್ ಬಂದ್ನಂದ್ರ ನಿಮ್ಮ ಫೋನ್ ತಾನಾ ಬಾರಸ್ತದ್ರಿ," ಎಂದು ನಕ್ಕು ಹೇಳಿದೆ. ಅವರೂ ನಕ್ಕರು.

ಮದುವೆಯಾಗಿ ಎರಡು ತಿಂಗಳು ಆಗಿರಬೇಕು. ಆ ಗಿಣಿಹಸಿರು ಲಾಟಿನ ಸೀರೆ ಒಂದು ಗಂಟು ಉಳಿದಿತ್ತು. ಶ್ರಾವಣ ಹತ್ತಿರ ಬಂದಿತ್ತು, ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆತರುವವರು ಸೀರೆ ಕೊಳ್ಳುವ ಕಾಲ. ಅಕ್ಕ ಸಂತೆಗೆ ಬಂದಿದ್ದಳು. ನಾವಿಬ್ಬರೂ ಊಟ ಮಾಡಿ ಮೂರಕ್ಕೆ ಸರಿಯಾಗಿ ಕೂತೆವು. ಆ ದಿನ ಏನಾಗಿತ್ತೋ, ಲೈವ್ ಶುರುವಾಗುತ್ತಲೇ ನೋಡುವವರ ಸಂಖ್ಯೆ ಏರತೊಡಗಿತು. ಆ ಸಂಖ್ಯೆ ಏರುವುದನ್ನು ಕಂಡರೆ ನನಗೆ ಒಂದು ನಮೂನೆ ಅಮಲು. ಮಾತು ಮಾತಿಗೆ ಅದು ಏರುತ್ತಿತ್ತು, ನನ್ನ ದನಿಯೂ ಏರುತ್ತಿತ್ತು. ಸೀರೆಯನ್ನು ಎದೆಗೆ ಹಿಡಿದು ತೋರಿಸಿ, ಅಂಚು ತಿರುವಿ ತೋರಿಸಿ, ರೇಟು ಹೇಳಿದೆ. ಬರೀ ರೇಟು ಹೇಳಿ ಬಿಟ್ಟಿದ್ದರೆ ಹೇಗೋ ಆಗುತ್ತಿತ್ತು.

"ಬೀಗರಿಗಿ ಕೊಡ್ರಿ, ಎರಡು ಸಾವಿರದ ಸೀರಿ ಅಂತ ತಿಳ್ಕೊತಾರ," ಎಂದೆ. "ಬರೇ ಮುನ್ನೂರಾ ಐವತ್ರೀ. ನಮ್ಮ ಮನ್ಯಾಗಿನ ಮದವ್ಯಾಗೂ ಇದೇ ಕೊಟ್ಟೇವಿ. ಒಬ್ಬರಿಗರೆ ಗೊತ್ತಾಗಿಲ್ಲ ನೋಡ್ರಿ."

ಹೇಳಿದ್ದು ಹೀಗೇ, ಅಕ್ಷರ ಹೆಚ್ಚಿಲ್ಲ ಕಡಿಮೆ ಇಲ್ಲ. ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ, ಒಂದಾದರೂ ಮಾತು ಬೇರೆ ಇತ್ತೇನೋ ಎಂದು. ಇರಲಿಲ್ಲ. ಅಕ್ಕ ಪಕ್ಕದಲ್ಲೇ ಇದ್ದಳು, ಆದರೆ ಅವಳ ಕಣ್ಣು ಫೋನಿನ ಅಕ್ಷರದ ಮೇಲಿತ್ತು. ಕಾಮೆಂಟು ಮಳೆ ಸುರಿದಂತೆ ಬರುತ್ತಿದ್ದವು. ಅವಳು ಓದುತ್ತಿದ್ದಳು: ಕಡಗಂಚಿಯಿಂದ ಎರಡು ಬೇಕಂತೆ, ಅಫಜಲಪುರದಿಂದ ಐದು, ಮಟಕಿಯಿಂದ ಒಬ್ಬರು ಕೆಂಪು ಮೈ ಇದೆಯೇನು ಎಂದು ಕೇಳಿದ್ದಾರೆ. ನಾನು ಮುಂದಿನ ಸೀರೆಯ ನೆರಿಗೆ ಹಿಡಿಯುತ್ತಿದ್ದೆ.

"ಜೇವರ್ಗಿಯಿಂದ," ಎಂದು ಓದಿದಳು ಅಕ್ಕ, ಅದೇ ಪಾಠ ಒಪ್ಪಿಸುವ ದನಿಯಲ್ಲಿ. "ನಮಗೂ ಒಂದು ಕಳಸ್ರಿ. ನಮ್ಮ ಬೀಗತಿಗಿ ತಿರಗಿ ಆಯೇರಿ ಮಾಡೂದದ. ಇದಕ್ಕಿಂತಾ ಸಸ್ತಾ ಇದ್ರೂ ನಡೀತದ."

ನನಗೆ ಕೇಳಿಸಿದ್ದು 'ಒಂದು ಕಳಸ್ರಿ' ಎಂಬುದಷ್ಟೇ. ರೂಢಿಯ ಬಾಯಿ. ಕ್ಯಾಮೆರಾ ನೋಡಿ, ನಕ್ಕು, "ಖಂಡಿತ ಕಳಸ್ತೇನ್ರಿ ಅಕ್ಕಾರ, ಅಡ್ರೆಸ್ ಹಾಕ್ರಿ," ಎಂದುಬಿಟ್ಟೆ.

ಆಮೇಲೆ ಅಕ್ಕನ ದನಿ ಬರಲಿಲ್ಲ. ತಿರುಗಿ ನೋಡಿದರೆ ಅವಳ ಬೆರಳು ಆ ಕಾಮೆಂಟಿನ ಮೇಲಿದ್ದ ಹೆಸರಿನ ಕೆಳಗೆ ನಿಂತಿತ್ತು, ಬೀಗತಿಯ ಹೆಸರು. ಓದುವಾಗ ಅರ್ಥವಾಗಿರಲಿಲ್ಲ ಅವಳಿಗೆ, ಅಕ್ಷರ ಕೂಡಿಸುವುದರಲ್ಲೇ ಇದ್ದಳು. ಈಗ ಅರ್ಥವಾಗುತ್ತಿತ್ತು. ಅವಳ ಮುಖದ ಮೇಲೆ ಅದು ಇಳಿಯುವುದನ್ನು ನಾನು ಕಂಡೆ. ಫೋನನ್ನು ಬೋರಲು ಹಾಕಿ, ಮೆಲ್ಲಗೆ ಎದ್ದು, ಕ್ಯಾಮೆರಾದಲ್ಲಿ ಬೀಳದ ಹಾಗೆ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಆ ಹೊತ್ತಿನಲ್ಲೂ ನನ್ನ ವ್ಯಾಪಾರ ಕೆಡಬಾರದು ಎಂದು ಅವಳು ಬಗ್ಗಿ ಹೋದದ್ದು.

ಈಗ ನನ್ನದು ಹೇಳುತ್ತೇನೆ. ನಾನು ಲೈವ್ ನಿಲ್ಲಿಸಲಿಲ್ಲ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಎನಿಸುತ್ತಿತ್ತು. ಆದರೂ ಜನ ಏರುತ್ತಿರುವಾಗ ನಡುವೆ ಮುಗಿಸಬಾರದು ಎಂದು ಕಲಿತಿದ್ದೆನಲ್ಲ, ಕಲಿತದ್ದನ್ನು ಮಾಡಿದೆ. ಇನ್ನೂ ಮೂರು ಸೀರೆ ತೋರಿಸಿದೆ. ನಗುತ್ತಲೇ ಇದ್ದೆ. ಆ ನಗುವನ್ನು ಆಮೇಲೆ ವಿಡಿಯೋದಲ್ಲಿ ನಾನೇ ನೋಡಿದೆ. ಅಯ್ಯ ಶಿವನೇ, ಎಂಥ ಹೆಂಗಸು ಇವಳು ಎನಿಸಿತು.

ಮುಗಿಸಿ ಒಳಗೆ ಹೋದರೆ ಅಕ್ಕ ಬಚ್ಚಲಲ್ಲಿ ಕೂತು ನಮ್ಮ ಊಟದ ತಾಟುಗಳನ್ನು ಬೆಳಗುತ್ತಿದ್ದಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ರೇಟ್ ಹೇಳಿದ್ದು ಹೇಳ್ದಿ," ಎಂದಳು, ತಲೆ ಎತ್ತದೆ. "ನಮ್ಮ ಮನ್ಯಾಗಿನ ಮದವಿ ಅಂತ ಯಾಕ ಹೇಳ್ದಿ?"

ತಾಟು ಒರೆಸಿಟ್ಟು, ಸಂತೆಯ ಚೀಲ ಎತ್ತಿಕೊಂಡು, ಚಹಾ ಸಹ ಕುಡಿಯದೆ ಅವಳು ಬಸ್‌ಸ್ಟ್ಯಾಂಡಿಗೆ ನಡೆದಳು. ಹಿಂದೆಯೇ ಹೋಗಲು ನನಗೆ ಧೈರ್ಯ ಬರಲಿಲ್ಲ.

ವಿಡಿಯೋ ಅಳಿಸಿದೆ. ಅಳಿಸಿದರೆ ಏನಾಯಿತು, ಅಷ್ಟರಲ್ಲಿ ಯಾರೋ ಆ ತುಂಡನ್ನಷ್ಟೇ ಕತ್ತರಿಸಿ ಸ್ಟೇಟಸ್ ಇಟ್ಟುಕೊಂಡಿದ್ದರು. ಜನರಿಗೆ ಅದು ನಗೆಯ ಮಾತು. ಆ ಗಂಟಿನ ಸೀರೆಯೆಲ್ಲ ಮಾರಿಹೋದವು. ಸಾಲದೆ ಇನ್ನೊಂದು ಲಾಟು ತರಿಸಬೇಕಾಯಿತು. ಅಂಗಡಿ ಹಾಕಿದಂದಿನಿಂದ ಅಂಥ ವ್ಯಾಪಾರ ಆಗಿರಲಿಲ್ಲ. ನಮಗೆ ಕಲಿಸಿದ ಹುಡುಗಿ ಅದನ್ನು ತರಬೇತಿಯವರ ಗ್ರೂಪಿಗೆ ಹಾಕಿ, ನೋಡಿ, ಮನಬಿಚ್ಚಿ ಮಾತಾಡಿದರೆ ಹೀಗೆ ಮಾರುತ್ತದೆ ಎಂದು ಬರೆದು ಚಪ್ಪಾಳೆಯ ಗುರುತು ಹಚ್ಚಿದಳು. ಎಲ್ಲರೂ ಅಭಿನಂದನೆ ಹೇಳಿದರು. ನಾನು ಕೈ ಮುಗಿಯುವ ಗುರುತು ಹಾಕಿದೆ. ಗಿಣಿಹಸಿರು ಸೀರೆಗಳನ್ನು ಒಂದೊಂದಾಗಿ ಮಡಿಸಿ ಕವರಿಗೆ ಹಾಕಿ ಟೇಪು ಹಚ್ಚುವಾಗ ನನ್ನ ಮೇಲೆ ನನಗೇ ಹೇಸಿಕೆ ಬರುತ್ತಿತ್ತು. ಆದರೂ ಹಚ್ಚಿದೆ, ಕಳಿಸಿದೆ.

ಅಕ್ಕನ ಮಗಳು ಫೋನು ಮಾಡಿದ್ದು ತಾಯಿಗಲ್ಲ, ನನಗೆ. ಹಿತ್ತಲಲ್ಲಿ ನಿಂತು ಮಾತಾಡುತ್ತಿದ್ದಾಳೆ ಎಂದು ಕೋಳಿಯ ಸದ್ದಿನಿಂದ ತಿಳಿಯಿತು. ಬೈದರೇನವ್ವ ಎಂದು ಕೇಳಿದೆ. "ಯಾರೂ ಏನೂ ಅನ್ನಾಕತ್ತಿಲ್ಲ ಚಿಗವ್ವ," ಎಂದಳು. "ಅತ್ತಿ ಮಾತಾ ಆಡಾಕತ್ತಿಲ್ಲ." ಬರುವ ಪಂಚಮಿ ಅವಳ ಮೊದಲ ಪಂಚಮಿ. ಮದುವೆಯಾದ ವರ್ಷ ಮಗಳು ಪಂಚಮಿಗೆ ತವರಿಗೆ ಬರಲಿಲ್ಲವೆಂದರೆ ಊರೆಲ್ಲ ಅದರ ಅರ್ಥ ತಾನೇ ಮಾಡಿಕೊಳ್ಳುತ್ತದೆ. ಕರೆಯಲು ಯಾವಾಗ ಬರಬೇಕು ಎಂದು ಭಾವ ಕೇಳಿ ಕಳಿಸಿದ್ದಕ್ಕೆ, ನೋಡೋಣ ಎಂದಷ್ಟೇ ಉತ್ತರ ಬಂದಿತ್ತು. ಆ ಹುಡುಗಿ ಜೋಕಾಲಿ ಆಡಲು ಬರುತ್ತಾಳೋ ಇಲ್ಲವೋ, ಮುಂದೆ ಆ ಮನೆಯಲ್ಲಿ ತಲೆ ಎತ್ತಿ ಬಾಳುತ್ತಾಳೋ ಇಲ್ಲವೋ, ಎಲ್ಲ ನನ್ನ ಒಂದು ಮಾತಿಗೆ ತೂಗುಬಿದ್ದಿತ್ತು.

ಗಂಡಸರು ಹೋದರೆ ಮಾತಿಗೆ ಮಾತು ಬೆಳೆಯುತ್ತದೆ ಎಂದು ಅಕ್ಕ ತಾನೇ ಹೋಗುವುದೆಂದಳು. ನಾನೂ ಬರುತ್ತೇನೆ ಎಂದೆ. ಬೇಡ ಎನ್ನುತ್ತಾಳೆ ಅಂದುಕೊಂಡಿದ್ದೆ. ಬಾ ಎಂದಳು, ಅಷ್ಟೇ. ಹಿಂದೆ ಅವಳು ಕೈಯಲ್ಲಿ ಹಿಡಿದು ಬಿಡದಿದ್ದ ಆ ಇಳಕಲ್ ಸೀರೆ ಮಾರಿಹೋಗಿತ್ತು. ಅದಕ್ಕಿಂತ ಮೇಲಿನದೊಂದನ್ನು ಕಪಾಟಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ. ಬೀಗತಿಗೆ ಕೊಟ್ಟು, ತಪ್ಪಾಯಿತೆಂದು ಕಾಲಿಗೆ ಬೀಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕಡಗಂಚಿಯಲ್ಲಿ ಬಸ್ಸು ನಿಂತಾಗ, ನರೋಣಾದಿಂದ ಅಲ್ಲಿಗೆ ಬಂದು ಕಾದಿದ್ದ ಅಕ್ಕ ಹತ್ತಿ ನನ್ನ ಪಕ್ಕದಲ್ಲೇ ಕೂತಳು. ಕಲಬುರಗಿಯಲ್ಲಿ ಬಸ್ಸು ಬದಲಿಸಿದೆವು. ತೊಗರಿ ಈ ಸಲ ಚಲೋ ಎದ್ದಿದೆ ಎಂದಳು. ಹೌದು ಎಂದೆ. ಭೀಮಾ ಸೇತುವೆ ದಾಟುವಾಗ ನೀರು ಕೆಂಪಾಗಿದೆ ಎಂದಳು. ಹೌದು ಎಂದೆ.

ಬೀಗರ ಮನೆಯಲ್ಲಿ ಬಾಗಿಲಿಗೇ ನೀರು ಬಂತು, ಕಾಲು ತೊಳೆದೆವು. ಬರ್ರಿ ಎಂದರು, ಚಾಪೆ ಹಾಸಿದರು, ಚಹಾ ಕೊಟ್ಟರು. ಹುಡುಗಿ ತಲೆ ಮೇಲೆ ಸೆರಗು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಯಿಯನ್ನು ನೋಡಿ ಒಳಗೆ ಸರಿದಳು. ಬೀಗರು ಆಳಂದದ ಕಡೆ ಮಳೆ ಹೇಗೆ ಎಂದು ಕೇಳಿ ಹೊಲಕ್ಕೆ ಹೋದರು. ಬೀಗತಿ ತಾವೇ ನಿಂತು ಬಡಿಸಿದರು: ಹೂರಣದ ಕಡಬು, ಪುಂಡಿಪಲ್ಯ, ಬಿಸಿ ರೊಟ್ಟಿ. ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯವೂ ಮಾಡಿದರು. ಮರ್ಯಾದೆಯಲ್ಲಿ ಎಳ್ಳಷ್ಟು ಕೊರತೆ ಇರಲಿಲ್ಲ. ಒಂದು ಏಟು ಹೊಡೆದಿದ್ದರೂ ಚೆನ್ನಾಗಿತ್ತು ಎನಿಸಿತು ನನಗೆ.

ಊಟವಾದ ಮೇಲೆ ಒಳಕೋಣೆಯಲ್ಲಿ ನಾವು ಮೂವರೇ ಕೂತೆವು. ನಾನು ಜೋಡಿಸಿಕೊಂಡಿದ್ದ ಮಾತು ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿ, ನನ್ನ ಕಡೆಯೇ ನೇರ ನೋಡಿದರು.

"ಆ ಸೀರಿ ಉಟಗೊಂಡು ನಾ ತವರಮನಿಗಿ ಹೋಗಿದ್ನಿರಿ," ಎಂದರು. ಅವರ ತವರು ಅಫಜಲಪುರದ ಕಡೆ. ಅಣ್ಣನ ಮೊಮ್ಮಗನಿಗೆ ಹೆಸರಿಡುವ ದಿನವಂತೆ. ಮನೆಯಲ್ಲಿ ಅಣ್ಣತಮ್ಮಂದಿರ ಹೆಂಡಂದಿರು ನಾಲ್ಕು ಜನ, ಎಲ್ಲರೂ ದೊಡ್ಡ ಮನೆಯಿಂದ ಬಂದವರು, ಯಾವಾಗಲೂ ಇವರನ್ನು ಒಂದು ಮಾತು ಕೆಳಗೇ ಇಟ್ಟವರು. ಅವತ್ತು ಈ ಸೀರೆ ನೋಡಿ ಎಲ್ಲಿಯದು ಎಂದು ಅವರೇ ಕೇಳಿದರಂತೆ. "ನಮ್ಮ ಬೀಗರು ಕೊಟ್ಟಾರ ಅಂತ ಎಲ್ಲಾರಿಗೂ ತೋರಿಸಿದೆ. ಬೀಗತಿ ತಂಗಿದು ಅಂಗಡಿ ಅದ, ನೀವೂ ತರಸ್ಕೋರಿ ಅಂತ ಹೇಳಿ ಅವರ ಫೋನಿನ್ಯಾಗ ನಿಮ್ಮ ಪೇಜ್ ನಾನೇ ಹಾಕಿಕೊಟ್ಟು ಬಂದೆ."

ಅಫಜಲಪುರದಿಂದ ಬಂದ ಆ ಐದು ಸೀರೆಯ ಆರ್ಡರು ನನಗೆ ನೆನಪಾಯಿತು. ಅದನ್ನು ನಾನೇ ಕೈಯಾರೆ ಕಟ್ಟಿ ಕಳಿಸಿದ್ದೆ.

"ನಾಕೂ ಮಂದಿ ಕೂಡಿ ಫೋನ್ ಮಾಡಿ ನಕ್ಕರು," ಎಂದರು ಬೀಗತಿ. ಅವರ ದನಿ ಏರಲಿಲ್ಲ. "ಅವು ಐದೂ ಸೀರಿ ತರಿಸಿ, ಮನಿ ಕೆಲಸಕ್ಕ ಬರೂ ಹೆಣ್ಮಕ್ಕಳಿಗಿ ಕೊಟ್ಟಾರಂತ. ಅದನ್ನೂ ನನಗ ಫೋಟೋ ತಗದು ಕಳಿಸ್ಯಾರ. ನಾ ರೇಟ್ ನೋಡಾಕಿ ಅಲ್ರಿ. ನನಗ ಛಂದ ಕಂಡಿತ್ತು. ನೀವು ಹೇಳೂತನಕಾ ಅದು ಚಲೋ ಸೀರಿನೇ ಇತ್ತು."

ಇಷ್ಟು ದಿನ ನಾನು ನಾಚಿಕೆಪಟ್ಟದ್ದು ನಮ್ಮ ಮಾನ ಹೋಯಿತೆಂದು. ಅಕ್ಕ ಸಣ್ಣವಳಾದಳು, ನಮ್ಮ ಮನೆ ಸಣ್ಣದಾಯಿತು ಎಂದು. ಈ ಹೆಂಗಸು ಹುಟ್ಟಿದ ಮನೆಯಲ್ಲಿ ತಲೆ ತಗ್ಗಿಸಬೇಕಾಯಿತು, ಅದೂ ನಮ್ಮ ಕಡೆ ವಹಿಸಿ ಮಾತಾಡಿದ್ದಕ್ಕೆ, ನನ್ನ ಅಂಗಡಿಗೆ ಗಿರಾಕಿ ಮಾಡಿಕೊಟ್ಟಿದ್ದಕ್ಕೆ ಎಂಬುದು ನನ್ನ ಕನಸಿನಲ್ಲೂ ಬಂದಿರಲಿಲ್ಲ. ಕಾಲಿಗೆ ಬೀಳಬೇಕೆಂದುಕೊಂಡಿದ್ದೆ. ಬೀಳಲೂ ಆಗಲಿಲ್ಲ. ಬಿದ್ದು ಎದ್ದರೆ ಮುಗಿದುಹೋಗುವ ಮಾತಾಗಿರಲಿಲ್ಲ ಅದು. ಚೀಲದಲ್ಲಿ ಸೀರೆ ಇತ್ತು. ಅದನ್ನು ತೆಗೆಯುವ ಮುಖ ನನಗಿರಲಿಲ್ಲ.

ಬೀಗತಿ ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. ಆ ಮಾತು ನಾ ಬರೆಯಬಾರದಿತ್ತು, ಸಿಟ್ಟಿನಲ್ಲಿ ಬರೆದೆ, ನೀವೇ ಓದಿದಿರಂತೆ ಎಂದು ಆಮೇಲೆ ಗೊತ್ತಾಗಿ ಎದೆ ಒಡೆಯಿತು ಎಂದರು. ಅಕ್ಕ ಅವರ ಕೈ ಹಿಡಿದುಕೊಂಡಳು. ಇಳಕಲ್ ಕೊಡಬೇಕಂತಲೇ ಇದ್ದೆ ಎಂದು ಅಕ್ಕ ಹೇಳಬಹುದಿತ್ತು. ಇವಳೇ ಬೇಡ ಎಂದಳು ಎಂದು ನನ್ನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ತಪ್ಪು ನಮ್ಮದರಿ ಎಂದಳು, 'ನಮ್ಮದು' ಎಂದಳು. ಇಬ್ಬರೂ ಕಣ್ಣೊರೆಸಿಕೊಂಡರು. ಹುಡುಗಿನ್ನ ಕರಕೊಂಡು ಹೋಗ್ರಿ, ಪಂಚಮಿ ಮುಗಿಸಿ ಸಾವಕಾಶ ಕಳಸ್ರಿ ಎಂದು ಬೀಗತಿ ಹೇಳಿದಾಗ ಅಡುಗೆಮನೆಯಲ್ಲಿ ತಾಟು ಜಾರಿ ಬಿದ್ದ ಸದ್ದಾಯಿತು. ಕೇಳಿಸಿಕೊಳ್ಳುತ್ತಲೇ ನಿಂತಿದ್ದಳು ಪಾಪ. ಅವರು ಮೂವರೂ ನಕ್ಕರು. ನಾನು ಗೋಡೆಗೆ ಒರಗಿ ಕೂತಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ, ಯಾರೂ ನನ್ನ ಕಡೆ ನೋಡಲೂ ಇಲ್ಲ.

ಹೊರಡುವಾಗ ಪದ್ಧತಿಯಂತೆ ಉಡಿ ತುಂಬಿದರು. ಮೊದಲು ಅಕ್ಕನಿಗೆ. ಆಮೇಲೆ, ನೀವೂ ಬರ್ರಿ ಎಂದು ನನ್ನನ್ನು ಕರೆದು ಮಣೆಯ ಮೇಲೆ ಕೂರಿಸಿದರು. ಬೇಡರಿ ಎಂದೆ, ಎರಡು ಸಲ ಎಂದೆ. ಬರಿ ಉಡಿಯಿಂದ ಕಳಿಸುವ ರೀತಿ ನಮ್ಮಲ್ಲಿಲ್ಲ ಎಂದರು. ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ, ಮೇಲೆ ಒಂದು ಸೀರೆ ಇಟ್ಟರು. ಅಕ್ಕನಿಗೆ ಇಟ್ಟದ್ದರ ಜೋಡಿಯೇ, ಒಂದು ಎಳೆಯೂ ಕಡಿಮೆ ಇಲ್ಲ. ಉಡಿ ಹಿಡಿದು ತಲೆ ತಗ್ಗಿಸಿ ಕೂತಿದ್ದೆ, ಕಣ್ಣೀರು ತಡೆಯುತ್ತಿರಲಿಲ್ಲ. ಆ ಅಳುವಿನ ನಡುವೆಯೇ ನನ್ನ ಹೆಬ್ಬೆರಳು ಸೀರೆಯ ಅಂಚಿನ ಮೇಲೆ ಸರಿಯಿತು, ಸರಿದ ಕೂಡಲೇ ಅದರ ರೇಟು ನನಗೆ ಗೊತ್ತಾಯಿತು.